ಬೆರಳಿಗೆ ಘನ, ಅಣುವಿಗೆ ದ್ರವ

ಒಂದೇ ಪೊಟ್ಟಣದ ಜೆಲಟಿನ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಎರಡು ಲೋಟಕ್ಕೆ ಹಾಕಿಕೊಳ್ಳಿ. ಒಂದು ಲೋಟವನ್ನು ಆರಲು ಬಿಟ್ಟು 25 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಕೂಡಲೇ ನೋಡಿ. ಇನ್ನೊಂದನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಹೊರಗೆ ತೆಗೆದು, ಅದು 25 ಡಿಗ್ರಿಗೆ ಏರಿದಾಗ ನೋಡಿ. ಎರಡರಲ್ಲೂ ಇರುವುದು ಅದೇ ನೀರು, ಅದೇ ಜೆಲಟಿನ್, ಅದೇ ಉಷ್ಣತೆ. ಆದರೆ ಮೊದಲ ಲೋಟವನ್ನು ಓರೆ ಮಾಡಿದರೆ ಒಳಗಿದ್ದುದು ಹರಿದು ಚೆಲ್ಲುತ್ತದೆ. ಎರಡನೆಯದು ಅಲುಗಾಡುತ್ತದೆಯೇ ಹೊರತು ಜಾಗ ಬಿಟ್ಟು ಕದಲುವುದಿಲ್ಲ.

ನೀರಿನ ವಿಷಯದಲ್ಲಿ ಹೀಗಾಗುವುದನ್ನು ನಾವು ಕಾಣುವುದಿಲ್ಲ. ಮಂಜುಗಡ್ಡೆ ಕರಗುವುದು ಸೊನ್ನೆ ಡಿಗ್ರಿಯಲ್ಲಿ, ನೀರು ಹೆಪ್ಪುಗಟ್ಟುವುದೂ ಬಹುಮಟ್ಟಿಗೆ ಅಲ್ಲೇ. ಜೆಲಟಿನ್‌ಗೆ ಮಾತ್ರ ಗಟ್ಟಿಯಾಗುವ ಉಷ್ಣತೆ ಒಂದು, ಕರಗುವ ಉಷ್ಣತೆ ಇನ್ನೊಂದು. ಸಾಧಾರಣ ಜೆಲ್ಲಿ ಗಟ್ಟಿಯಾಗಲು 20 ಡಿಗ್ರಿಗಿಂತ ಕೆಳಗೆ ಇಳಿಯಬೇಕು; ಒಮ್ಮೆ ಗಟ್ಟಿಯಾದ ಮೇಲೆ 30 ಡಿಗ್ರಿಯ ಆಸುಪಾಸಿಗೆ ಬರುವವರೆಗೂ ಕರಗುವುದಿಲ್ಲ. ಈ ನಡುವಿನ ಹತ್ತು ಡಿಗ್ರಿಗಳ ಅಂತರದಲ್ಲಿ ಅದರ ಸ್ಥಿತಿ ಯಾವುದು ಎಂಬುದನ್ನು ಥರ್ಮಾಮೀಟರ್ ಹೇಳಲಾರದು. ಅದು ಯಾವ ಕಡೆಯಿಂದ ಅಲ್ಲಿಗೆ ಬಂತು, ಬಿಸಿಯಿಂದಲೋ ತಣ್ಣನೆಯಿಂದಲೋ ಎಂಬುದು ಗೊತ್ತಿರಬೇಕು.

ಅಮೆರಿಕದಲ್ಲಿ ಡಿಸೆಂಬರ್ ಪಾರ್ಟಿಗಳಿಗೆಂದು ಮಾಡುವ ಪದರ ಪದರದ ಜೆಲ್ಲಿ ಶಾಟ್‌ಗಳು ನಿಂತಿರುವುದು ಈ ಹತ್ತು ಡಿಗ್ರಿಗಳ ಮೇಲೆ. 60 ಮಿ.ಲೀ. ಹಿಡಿಯುವ ಪುಟ್ಟ ಪ್ಲಾಸ್ಟಿಕ್ ಕಪ್, ಅದರಲ್ಲಿ ತಳಕ್ಕೆ ಕೆಂಪು, ನಡುವೆ ಬಿಳಿ, ಮೇಲೆ ಹಸಿರು. ಕೆಂಪಿಗೆ ಕ್ರ್ಯಾನ್‌ಬೆರಿ ರಸ, ಬಿಳಿಗೆ ಕಂಡೆನ್ಸ್‌ಡ್ ಮಿಲ್ಕ್, ಹಸಿರಿಗೆ ನಿಂಬೆ ಅಥವಾ ಪುದೀನ. ಬಣ್ಣದ ಪದರಗಳಲ್ಲಿ ವೋಡ್ಕಾ. ಕ್ರಿಸ್‌ಮಸ್‌ಗೂ ಹೊಸವರ್ಷಕ್ಕೂ ಒಂದು ತಟ್ಟೆಯ ತುಂಬ ಇವನ್ನು ಮಾಡಿ ಫ್ರಿಜ್ಜಿನಲ್ಲಿಡುವುದು ಅಲ್ಲಿನ ಎಷ್ಟೋ ಮನೆಗಳಲ್ಲಿ ರೂಢಿ. ನೋಡಲು ಸರಳವಾದ ಈ ತಿನಿಸಿನೊಳಗೆ ಪ್ರೋಟೀನು ರಸಾಯನ, ಉಷ್ಣದ ಹರಿವು, ಅಣುಗಳ ವಿಸರಣೆ ಮೂರೂ ಒಂದು ಸಂಜೆಯ ಅವಧಿಯಲ್ಲಿ ಕಣ್ಣೆದುರೇ ನಡೆಯುತ್ತವೆ. ಶಾಲೆಯ ಪ್ರಯೋಗಾಲಯದಲ್ಲಿ ಜೆಲ್ಲಿಯನ್ನು ಇಟ್ಟುಕೊಂಡೇ ಒಂದು ವಾರ ಪಾಠ ಮಾಡಬಹುದು. ಮದ್ಯವಿಲ್ಲದ ಜೆಲ್ಲಿ ಅದಕ್ಕೆ ಸಾಕು.

ಜೆಲಟಿನ್ ಮೊದಲಿಗೆ ಜೆಲಟಿನ್ ಆಗಿರುವುದಿಲ್ಲ. ಅದು ಪ್ರಾಣಿಯ ಚರ್ಮ, ಎಲುಬು, ಸ್ನಾಯುರಜ್ಜುಗಳನ್ನು ಹಿಡಿದಿಡುವ ಕೊಲ್ಯಾಜೆನ್ ಎಂಬ ಪ್ರೋಟೀನು. ನಮ್ಮ ದೇಹದಲ್ಲಿರುವ ಪ್ರೋಟೀನುಗಳಲ್ಲೆಲ್ಲ ಹೆಚ್ಚಿನ ಪಾಲು ಇದರದೇ. ಇದರ ರಚನೆ ಹೇಗಿದೆ ಎಂಬ ಪ್ರಶ್ನೆಗೆ ಮೊದಲ ಸರಿಯಾದ ಉತ್ತರ ಹೊಳೆದದ್ದು ಮದರಾಸಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ.ಎನ್. ರಾಮಚಂದ್ರನ್, 1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗಕ್ಕೆ ಹೋದಾಗ ಅವರಿಗಿನ್ನೂ ಮೂವತ್ತರ ಹರೆಯ. ಬ್ರಿಟನ್ನಿನ ವಿಜ್ಞಾನಿ ಜೆ.ಡಿ. ಬರ್ನಾಲ್ ಅಲ್ಲಿಗೆ ಭೇಟಿ ಕೊಟ್ಟಾಗ, ಕೊಲ್ಯಾಜೆನ್ನಿನ ರಚನೆ ಇನ್ನೂ ಬಗೆಹರಿದಿಲ್ಲ ಎಂಬ ಮಾತು ಬಂತು. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ ಗೋಪಿನಾಥ ಕರ್ತಾ ಕಾಂಗರೂವಿನ ಬಾಲದ ಸ್ನಾಯುರಜ್ಜುವಿನ ಮೇಲೆ ಎಕ್ಸ್-ಕಿರಣ ಹಾಯಿಸಿ, ಸಿಕ್ಕ ಚಿತ್ರಗಳನ್ನು ಓದಿ, 1954ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತಮ್ಮ ಮಾದರಿಯನ್ನು ಮುಂದಿಟ್ಟರು: ಕೊಲ್ಯಾಜೆನ್ ಎಂದರೆ ಮೂರು ಸರಪಳಿಗಳು ಹೆಣೆದುಕೊಂಡ ಜಡೆ. ಮರುವರ್ಷ ಅದನ್ನು ತಿದ್ದಿ, ಮೂರೂ ಎಳೆಗಳು ಒಂದರ ಸುತ್ತ ಒಂದು ತಿರುಚಿಕೊಂಡಿವೆ ಎಂದು ಸ್ಪಷ್ಟಪಡಿಸಿದರು. ಸರಪಳಿಯಲ್ಲಿ ಪ್ರತಿ ಮೂರನೆಯ ಜಾಗದಲ್ಲೂ ಗ್ಲೈಸಿನ್ ಎಂಬ ಅಮೈನೊ ಆಮ್ಲವೇ ಇರಬೇಕಾದ ಕಾರಣವೂ ಅವರ ಮಾದರಿಯಿಂದ ತಿಳಿಯಿತು. ಜಡೆಯ ನಡುವಿನ ಇಕ್ಕಟ್ಟಿನಲ್ಲಿ ಹಿಡಿಸುವಷ್ಟು ಚಿಕ್ಕದು ಅದೊಂದೇ. ಸಣ್ಣಪುಟ್ಟ ಬಂಧಗಳ ಲೆಕ್ಕದ ಬಗ್ಗೆ ಕೇಂಬ್ರಿಜ್ಜಿನಿಂದ ತಕರಾರು ಬಂದವು, ಆ ಚರ್ಚೆ ಬಹುಕಾಲ ನಡೆಯಿತು. ಮೂರೆಳೆಯ ಜಡೆ ಮಾತ್ರ ನಿಂತಿತು. 1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆಯಲ್ಲಿ ಅಣುಜೈವಿಕ ಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಭಾರತದಲ್ಲಿ ನಡೆದ ವಿಜ್ಞಾನದ ಬಹುದೊಡ್ಡ ಕೆಲಸಗಳಲ್ಲಿ ಕೊಲ್ಯಾಜೆನ್ನಿನ ಈ ಮಾದರಿಯೂ ಒಂದು. ಇದಕ್ಕೆ ಸಿಗಬೇಕಾದಷ್ಟು ಜನಮನ್ನಣೆ ಸಿಕ್ಕಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಈ ಜಡೆಯನ್ನು ನೀರಿನಲ್ಲಿ ಹೊತ್ತುಗಟ್ಟಲೆ ಕಾಯಿಸಿದರೆ ಬಿಚ್ಚಿಕೊಳ್ಳುತ್ತದೆ. ಎಳೆಗಳು ಬೇರೆಯಾಗಿ, ಅಲ್ಲಲ್ಲಿ ತುಂಡಾಗಿ, ನೀರಿನಲ್ಲಿ ತೇಲಾಡತೊಡಗುತ್ತವೆ. ಜೆಲಟಿನ್ ಎಂದರೆ ಈ ಬಿಡಿ ಎಳೆಗಳೇ. ಎಲುಬಿನಿಂದ ಇದನ್ನು ಬೇಗ ಹೊರತೆಗೆಯುವ ದಾರಿಯನ್ನು ತೋರಿಸಿದವನು ಫ್ರಾನ್ಸಿನಿಂದ ಲಂಡನ್ನಿಗೆ ಬಂದಿದ್ದ ಡೆನಿ ಪಾಪಿನ್. 1679ರಲ್ಲಿ ರಾಯಲ್ ಸೊಸೈಟಿಯ ಮುಂದೆ ಅವನು ಇಟ್ಟ ಯಂತ್ರ, ಮುಚ್ಚಳ ಬಿಗಿದ ಕಬ್ಬಿಣದ ಪಾತ್ರೆ. ಉಗಿಯ ಒತ್ತಡ ಮೀರದಂತೆ ಮೇಲೊಂದು ತೂಕದ ಕವಾಟ. ಗಟ್ಟಿ ಎಲುಬೂ ಅದರಲ್ಲಿ ಮೆತ್ತಗಾಗಿ ಜೆಲ್ಲಿ ಬಿಡುತ್ತಿತ್ತು. ಇವತ್ತು ನಮ್ಮ ಮನೆಗಳಲ್ಲಿ ಬೇಳೆ ಬೇಯಿಸುವ ಕುಕ್ಕರು ಆ ಪಾತ್ರೆಯ ನೇರ ವಂಶದ್ದು.

ಬಿಸಿ ಆರಿದಾಗ ಬಿಡಿ ಎಳೆಗಳು ಮತ್ತೆ ಹೆಣೆದುಕೊಳ್ಳಲು ನೋಡುತ್ತವೆ. ಆದರೆ ಈಗ ಅವುಗಳ ಸುತ್ತ ನೂರಾರು ಬೇರೆ ಎಳೆಗಳಿವೆ, ಮೊದಲಿನ ಜೊತೆಗಾರರು ಯಾರೋ ಗೊತ್ತಿಲ್ಲ. ಒಂದು ಎಳೆಯ ಒಂದು ತುದಿ ಯಾವುದೋ ಎರಡರ ಜೊತೆ ಚೂರು ಜಡೆಯಾಗುತ್ತದೆ, ಅದರ ನಡುಭಾಗ ಇನ್ಯಾವುದೋ ಎರಡರ ಜೊತೆ. ಹೀಗೆ ಪಾತ್ರೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೂ ಒಂದೇ ಬಲೆ ಹರಡಿಕೊಳ್ಳುತ್ತದೆ. ಹರಡಿಕೊಂಡ ಗಳಿಗೆಯಲ್ಲಿ ದ್ರವ ನಿಲ್ಲುತ್ತದೆ. ಆ ಬಲೆಗೆ ಬೇಕಾದ ಜೆಲಟಿನ್ ತೂಕದಲ್ಲಿ ನೂರಕ್ಕೆ ಎರಡೋ ಮೂರೋ ಪಾಲು. ಉಳಿದದ್ದೆಲ್ಲ ನೀರು.

ಗಟ್ಟಿಯಾಗಲು ಅಷ್ಟು ತಣ್ಣಗಾಗಬೇಕಾದ್ದು ಏಕೆ? ಜಡೆಯ ಮೊದಲ ಸುತ್ತು ಬೀಳುವುದೇ ಕಷ್ಟ. ಮೂರು ಎಳೆಗಳು ಸರಿಯಾದ ಜಾಗದಲ್ಲಿ, ಸರಿಯಾದ ಭಂಗಿಯಲ್ಲಿ ಒಟ್ಟಿಗೆ ಸಿಗಬೇಕು. ಅದರ ಮೇಲೆ, ಕೊಲ್ಯಾಜೆನ್ನಿನಲ್ಲಿ ಹೇರಳವಾಗಿರುವ ಪ್ರೋಲಿನ್ ಎಂಬ ಅಮೈನೊ ಆಮ್ಲದ ಬಳಿ ಸರಪಳಿ ಎರಡು ಬಗೆಯಲ್ಲಿ ಬಾಗಬಲ್ಲದು. ಜಡೆಗೆ ಒಗ್ಗುವುದು ಅವುಗಳಲ್ಲಿ ಒಂದೇ. ತಪ್ಪಾಗಿ ಬಾಗಿದ್ದು ಸರಿಯಾಗಿ ತಿರುಗಿಕೊಳ್ಳಲು ನಿಮಿಷಗಳೇ ಬೇಕು. ಪ್ರೋಟೀನಿನ ಲೋಕದಲ್ಲಿ ನಿಮಿಷ ಎಂದರೆ ಬಹಳ ದೀರ್ಘ ಸಮಯ. ಕರಗುವಾಗ ಮಾತ್ರ ಈ ಯಾವ ಹುಡುಕಾಟವೂ ಇಲ್ಲ, ಹೆಣೆದದ್ದನ್ನು ಅಲುಗಾಡಿಸಿ ಬಿಚ್ಚುವಷ್ಟು ಶಾಖ ಸಾಕು. ಸುರುವಾಗುವುದು ಕಷ್ಟ, ಆದ ಮೇಲೆ ಬಿಡುವುದೂ ಕಷ್ಟ, ಅದಕ್ಕೇ ಈ ಹತ್ತು ಡಿಗ್ರಿಗಳ ಅಂತರ. ಜೆಲ್ಲಿಯನ್ನು ಎರಡು ಗಂಟೆಯ ಬದಲು ರಾತ್ರಿಯಿಡೀ ಬಿಟ್ಟರೆ ಹೆಚ್ಚು ಬಿಗಿಯಾಗುವುದೂ ಇದರಿಂದಲೇ. ಗಟ್ಟಿಯಾದಂತೆ ಕಂಡ ಮೇಲೂ ಒಳಗೆ ಹೆಣೆಯುವ ಕೆಲಸ ನಡೆಯುತ್ತಲೇ ಇರುತ್ತದೆ.

ಕರಗುವ ಉಷ್ಣತೆ ನಮ್ಮ ಬಾಯಿಯ ಉಷ್ಣತೆಗೆ ಇಷ್ಟು ಹತ್ತಿರ ಇರುವುದು ಕಾಕತಾಳೀಯವಲ್ಲ. ದನ, ಹಂದಿ ಬೆಚ್ಚಗಿನ ಮೈಯ ಪ್ರಾಣಿಗಳು. ಅವುಗಳ ಕೊಲ್ಯಾಜೆನ್ ಆ ಬಿಸಿಗೆ ತಕ್ಕಂತೆ ಬಿಗಿದುಕೊಂಡಿದೆ. ತಣ್ಣನೆಯ ಕಡಲಿನ ಕಾಡ್ ಮೀನಿನ ಜೆಲಟಿನ್ನನ್ನು ತಂದು ಜೆಲ್ಲಿ ಮಾಡಹೊರಟರೆ ಅದು ಸುಮಾರು 10 ಡಿಗ್ರಿಗಿಂತ ಕೆಳಗೆ ಮಾತ್ರ ನಿಲ್ಲುತ್ತದೆ, ಕೋಣೆಯ ಬಿಸಿಗೆ ನೀರಾಗುತ್ತದೆ.

ಇನ್ನು ಪದರ ಕಟ್ಟುವ ಕೆಲಸ. ಇಪ್ಪತ್ತು ಕಪ್‌ಗಳಿಗೆ, ಒಂದೊಂದರಲ್ಲೂ 15 ಮಿ.ಲೀ.ನ ಮೂರು ಪದರಗಳಂತೆ, ಪದರವೊಂದಕ್ಕೆ 300 ಮಿ.ಲೀ. ಬೇಕು. ಕೆಂಪು ಪದರಕ್ಕೆ 180 ಮಿ.ಲೀ. ಕ್ರ್ಯಾನ್‌ಬೆರಿ ರಸ, 120 ಮಿ.ಲೀ. ವೋಡ್ಕಾ, 9 ಗ್ರಾಂ ಜೆಲಟಿನ್. ಜೆಲಟಿನ್ ಪುಡಿಯನ್ನು ಮೊದಲು ಸ್ವಲ್ಪ ತಣ್ಣನೆಯ ರಸದ ಮೇಲೆ ಉದುರಿಸಿ ಐದು-ಹತ್ತು ನಿಮಿಷ ಬಿಡಬೇಕು. ಪ್ರತಿ ಕಣವೂ ನೀರು ಹೀರಿ ಉಬ್ಬಿಕೊಳ್ಳುತ್ತದೆ. ನೆನೆಸದೆ ನೇರ ಬಿಸಿಗೆ ಹಾಕಿದರೆ ಕಣದ ಹೊರಮೈ ಕ್ಷಣದಲ್ಲಿ ಅಂಟಾಗಿ ಒಳಗಿನ ಪುಡಿಗೆ ನೀರು ತಲುಪುವುದಿಲ್ಲ, ಗಂಟುಗಳು ಉಳಿಯುತ್ತವೆ. ನೆನೆದ ಮೇಲೆ ಉಳಿದ ರಸವನ್ನು ಬಿಸಿ ಮಾಡಿ ಅದರಲ್ಲಿ ಕಲಕಿ ಪೂರ್ತಿ ಕರಗಿಸಬೇಕು. ಕೊತಕೊತ ಕುದಿಸುತ್ತ ಕೂರಬಾರದು, ಎಳೆಗಳು ಮತ್ತಷ್ಟು ತುಂಡಾಗಿ ಬಲ ಕಳೆದುಕೊಳ್ಳುತ್ತವೆ. ಒಲೆ ಆರಿಸಿ, ಪಾತ್ರೆ ಕೈಗೆ ಬೆಚ್ಚಗೆನಿಸುವ ಹಂತಕ್ಕೆ ಬಂದ ಮೇಲೆ ವೋಡ್ಕಾ ಬೆರೆಸುವುದು. ಅದರಲ್ಲಿರುವ ಮದ್ಯಸಾರ, ಅಂದರೆ ಎಥನಾಲ್, 78 ಡಿಗ್ರಿಯಲ್ಲಿ ಕುದಿಯುತ್ತದೆ. 40 ಪ್ರತಿಶತದ ವೋಡ್ಕಾದಿಂದ ಸುಮಾರು 26 ಡಿಗ್ರಿಯಲ್ಲೇ ಬೆಂಕಿ ಹತ್ತುವಷ್ಟು ಆವಿ ಏಳಬಲ್ಲದು. ಉರಿಯುವ ಒಲೆಯ ಬಳಿ ಬಾಟಲಿ ತರಲೇಬಾರದು.

ಮೊದಲ ಪದರ ಹಾಕಿ ಫ್ರಿಜ್ಜಿನಲ್ಲಿಟ್ಟ ಹದಿನೈದು-ಇಪ್ಪತ್ತು ನಿಮಿಷಕ್ಕೆ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಬೇಕು. ಬೆರಳು ಒಳಗಿಳಿಯಬಾರದು, ಆದರೆ ಎತ್ತುವಾಗ ಮೇಲ್ಮೈ ಬೆರಳಿಗೆ ಅಂಟಿ ಒಂದಿಷ್ಟು ಮೇಲೆದ್ದು ಬಿಡಬೇಕು. ಆ ಅಂಟು ಎಂದರೆ ಇನ್ನೂ ಜೊತೆ ಸಿಗದ ಎಳೆಗಳ ತುದಿಗಳು. ಮೇಲೆ ಹುಯ್ಯುವ ಪದರದ ಎಳೆಗಳು ಈ ತುದಿಗಳ ಜೊತೆ ಹೆಣೆದುಕೊಂಡರೆ ಎರಡು ಪದರಗಳು ಒಂದಾಗಿ ನಿಲ್ಲುತ್ತವೆ. ಬಹಳ ಹೊತ್ತು ಬಿಟ್ಟು, ಮೇಲ್ಮೈ ನುಣ್ಣಗಾಗಿ, ಅದರ ಮೇಲೆ ಫ್ರಿಜ್ಜಿನ ತೇವ ಹನಿಗಟ್ಟಿದರೆ ಬೆಸುಗೆ ಕೂಡುವುದಿಲ್ಲ; ತಿನ್ನುವಾಗ ಬಿಳಿ ಪದರ ಕೆಂಪಿನ ಮೇಲಿಂದ ಜಾರಿ ಬೇರೆಯಾಗುತ್ತದೆ.

ಹುಯ್ಯುವ ದ್ರವ ಎಷ್ಟು ಬಿಸಿಯಿರಬೇಕು ಎಂಬುದಕ್ಕೆ ಭೌತವಿಜ್ಞಾನ ಒಂದು ಸರಳ ಲೆಕ್ಕ ಕೊಡುತ್ತದೆ. ಒಂದೇ ಬಗೆಯ ಎರಡು ವಸ್ತುಗಳು ಬೇರೆ ಬೇರೆ ಉಷ್ಣತೆಯಲ್ಲಿ ತಾಗಿದಾಗ, ತಾಗಿದ ಜಾಗದ ಉಷ್ಣತೆ ಹೆಚ್ಚುಕಡಿಮೆ ಎರಡರ ಸರಾಸರಿ. ಕೆಳಗಿನ ಪದರ 5 ಡಿಗ್ರಿಯಲ್ಲಿದ್ದು ಮೇಲಿನದು 30 ಡಿಗ್ರಿಯಲ್ಲಿ ಬಿದ್ದರೆ ಗಡಿಯಲ್ಲಿ ಹದಿನೇಳೋ ಹದಿನೆಂಟೋ ಡಿಗ್ರಿ. ಕೆಳಗಿನದು ಕರಗುವುದಿಲ್ಲ, ಮೇಲಿನದು ಆ ಗಡಿಯಿಂದಲೇ ಗಟ್ಟಿಯಾಗಲು ಸುರುವಾಗುತ್ತದೆ. ಅದೇ ದ್ರವವನ್ನು 70 ಡಿಗ್ರಿಯಲ್ಲಿ ಹುಯ್ದರೆ ಗಡಿ 37-38ಕ್ಕೆ ಏರಿ ಕೆಳಗಿನ ಪದರ ಕರಗಿ ಎರಡೂ ಬಣ್ಣ ಕಲಸಿಹೋಗುತ್ತವೆ. ಹಾಗೆಂದು ಮೇಲಿನದನ್ನು ಪೂರ್ತಿ ತಣಿಸಿಬಿಟ್ಟರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಜೆಲಟಿನ್ನಿನ ಆ ಹತ್ತು ಡಿಗ್ರಿಗಳು ಇಲ್ಲಿ ಕೈಹಿಡಿಯುತ್ತವೆ: 25ರಿಂದ 30ರ ನಡುವೆ ದ್ರವ ದ್ರವವಾಗಿಯೇ ಇರುತ್ತದೆ, ಗಟ್ಟಿ ಪದರ ಗಟ್ಟಿಯಾಗಿಯೇ ಇರುತ್ತದೆ. ಗಟ್ಟಿಯಾಗುವ ಮತ್ತು ಕರಗುವ ಉಷ್ಣತೆ ಒಂದೇ ಆಗಿದ್ದಿದ್ದರೆ ಇಷ್ಟು ಆರಾಮವಾಗಿ ಪದರ ಕಟ್ಟಲು ಆಗುತ್ತಿರಲಿಲ್ಲ. ಹುಯ್ಯುವಾಗ ಚಮಚವನ್ನು ಬೋರಲಾಗಿ ಮೇಲ್ಮೈಗೆ ತೀರ ಹತ್ತಿರ ಹಿಡಿದು ಅದರ ಬೆನ್ನ ಮೇಲೆ ದ್ರವ ಬಿಡುವುದು ಒಳ್ಳೆಯದು. ನೇರವಾಗಿ ಬಿಟ್ಟ ಧಾರೆ ಎಳೆಯ ಪದರವನ್ನು ಕೊರೆದುಬಿಡುತ್ತದೆ. ಹೊತ್ತಿಲ್ಲವೆಂದು ಫ್ರೀಜರಿನಲ್ಲಿಡಬೇಡಿ. ಅಲ್ಲಿ ಹುಟ್ಟುವ ಮಂಜಿನ ಹರಳುಗಳು ಬಲೆಯನ್ನು ಹರಿಯುತ್ತವೆ, ಹೊರತೆಗೆದಾಗ ಜೆಲ್ಲಿ ನೀರು ಬಿಟ್ಟುಕೊಳ್ಳುತ್ತದೆ.

ಜೆಲ್ಲಿ ಹಿಡಿಯದೆ ಹೋಗಲು ಎರಡು ದೊಡ್ಡ ಕಾರಣಗಳಿವೆ. ಒಂದು, ಮದ್ಯ ವಿಪರೀತವಾಗುವುದು. ಜೆಲಟಿನ್ ನೀರಿನಲ್ಲಿ ಕರಗುತ್ತದೆ, ಎಥನಾಲ್‌ನಲ್ಲಿ ಕರಗುವುದಿಲ್ಲ. ಒಟ್ಟು ದ್ರವದಲ್ಲಿ ಎಥನಾಲ್ 15-20 ಪ್ರತಿಶತ ಇರುವ ತನಕ ಜೆಲಟಿನ್ ತುಸು ಹೆಚ್ಚಿಸಿಕೊಂಡರೆ ಜೆಲ್ಲಿ ನಿಲ್ಲುತ್ತದೆ. ಮದ್ಯ ಏರಿದಷ್ಟೂ ಅದು ಎಳೆಗಳ ಸುತ್ತಲಿನ ನೀರನ್ನು ತನ್ನ ಕಡೆ ಸೆಳೆದುಕೊಳ್ಳುತ್ತದೆ, ಕೊನೆಗೆ ಜೆಲಟಿನ್ ಬಲೆ ಕಟ್ಟುವುದನ್ನು ಬಿಟ್ಟು ರಬ್ಬರಿನಂಥ ಗಂಟುಗಳಾಗಿ ತಳ ಸೇರುತ್ತದೆ. ಇನ್ನೊಂದು, ಹಸಿ ಅನಾನಸು. ಅದರಲ್ಲಿರುವ ಬ್ರೋಮಿಲೇನ್ ಎಂಬ ಕಿಣ್ವ ಪ್ರೋಟೀನಿನ ಎಳೆಗಳನ್ನು ಕತ್ತರಿಸಿ ಹಾಕುತ್ತದೆ, ಎಷ್ಟು ತಣ್ಣಗಿಟ್ಟರೂ ಬಲೆಗೆ ಸಾಲುವಷ್ಟು ಉದ್ದದ ಎಳೆಗಳೇ ಉಳಿಯುವುದಿಲ್ಲ. ಪರಂಗಿ, ಕಿವಿ, ಅಂಜೂರ, ಹಸಿ ಶುಂಠಿಗಳಲ್ಲೂ ಇಂಥ ಕಿಣ್ವಗಳಿವೆ. ಡಬ್ಬಿಯ ಅನಾನಸು ಆಗಲೇ ಕುದಿಸಿದ್ದಾದ್ದರಿಂದ ಅದರ ಕಿಣ್ವ ಸತ್ತಿರುತ್ತದೆ, ಅದನ್ನು ಹಾಕಬಹುದು.

ಈಗ ಕಪ್‌ಗಳು ಫ್ರಿಜ್ಜಿನಲ್ಲಿವೆ, ಕೆಂಪು-ಬಿಳಿ-ಹಸಿರು ಗೆರೆ ಕೊರೆದಂತೆ ಕಾಣುತ್ತಿವೆ. ಕೆಲಸ ಮುಗಿಯಿತು ಎಂದು ಮಾಡಿದವರು ಮಲಗುತ್ತಾರೆ. ಜೆಲ್ಲಿಯೊಳಗೆ ಅದು ಮುಗಿದಿರುವುದಿಲ್ಲ, ಮತ್ತು ಈ ಅಧ್ಯಾಯದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ 19ನೇ ಶತಮಾನದ ನಡುಭಾಗದಲ್ಲಿ ತನ್ನ ಬಹುಪಾಲು ದುಡಿಮೆಯನ್ನು ಒಂದೇ ಪ್ರಶ್ನೆಗೆ ಮೀಸಲಿಟ್ಟ: ಕರಗಿದ ವಸ್ತು ತಾನಾಗಿಯೇ ಎಷ್ಟು ಬೇಗ ಹರಡಿಕೊಳ್ಳುತ್ತದೆ? 1861ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವನು ವಸ್ತುಗಳನ್ನು ಎರಡು ಬಗೆಯಾಗಿ ವಿಂಗಡಿಸಿದ. ಉಪ್ಪು, ಸಕ್ಕರೆಯಂಥವು ಬೇಗ ಹರಡುವವು. ಜೆಲಟಿನ್, ಗೋಂದಿನಂಥವು ಅತಿ ನಿಧಾನದವು. ಅವನ ಪ್ರಯೋಗಗಳಲ್ಲಿ ಬೆರಗು ಹುಟ್ಟಿಸುವ ಸಂಗತಿ ಇನ್ನೊಂದು. ಗಟ್ಟಿಯಾಗಿ ನಿಂತ ಜೆಲ್ಲಿಯೊಳಗೆ ಉಪ್ಪು ಹರಡುವ ವೇಗ ಬರೀ ನೀರಿನಲ್ಲಿ ಹರಡುವ ವೇಗಕ್ಕಿಂತ ಹೆಚ್ಚೇನೂ ಕಡಿಮೆಯಿರಲಿಲ್ಲ. ಬೆರಳನ್ನು ತಡೆಯುವ ಜೆಲ್ಲಿ ಉಪ್ಪನ್ನು ತಡೆಯಲಿಲ್ಲ. ಕಾರಣ ಈಗ ನಮಗೆ ಗೊತ್ತು: ಬಲೆಯ ಎಳೆಗಳ ನಡುವಿನ ಸಂದುಗಳು ಸಣ್ಣ ಅಣುಗಳಿಗಿಂತ ಎಷ್ಟೋ ಪಟ್ಟು ಅಗಲ, ಸಂದಿನ ತುಂಬ ಇರುವುದು ಸಾಮಾನ್ಯ ನೀರು. ಮೂತ್ರಪಿಂಡ ಕೆಟ್ಟವರಿಗೆ ಇಂದು ಮಾಡುವ ಡಯಾಲಿಸಿಸ್‌ನ ಬೇರು ಇರುವುದೂ ಗ್ರಹಾಂನ ಈ ಕೆಲಸದಲ್ಲೇ.

ಜೆಲ್ಲಿ ಶಾಟ್‌ಗೆ ಇದನ್ನು ಅನ್ವಯಿಸಿ ನೋಡೋಣ. ಫ್ರಿಜ್ಜಿನ ತಂಪಿನಲ್ಲಿ ಎಥನಾಲ್ ಅಣು ನೀರಿನೊಳಗೆ ಒಂದು ಮಿಲಿಮೀಟರ್ ದೂರ ಹರಡಲು ಬೇಕಾಗುವ ಸಮಯ ಸುಮಾರು ಕಾಲು ಗಂಟೆ. ವಿಸರಣೆಯ ನಿಯಮದ ಪ್ರಕಾರ ದೂರ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು, ದೂರ ನಾಲ್ಕು ಪಟ್ಟಾದರೆ ಸಮಯ ಹದಿನಾರು ಪಟ್ಟು. ಬಿಳಿ ಪದರ 8 ಮಿ.ಮೀ. ದಪ್ಪವಿದ್ದರೆ ಅದರ ನಡುಮಧ್ಯ ಎರಡೂ ಗಡಿಗಳಿಂದ 4 ಮಿ.ಮೀ. ದೂರ. ಅಲ್ಲಿಗೆ ಮದ್ಯ ತಲುಪಲು ನಾಲ್ಕು ಗಂಟೆಯ ಸುಮಾರು ಸಾಕು. ರಾತ್ರಿ ಕಳೆಯುವಷ್ಟರಲ್ಲಿ ಮೂರೂ ಪದರಗಳ ಮದ್ಯದ ಪ್ರಮಾಣ ಹೆಚ್ಚುಕಡಿಮೆ ಸಮವಾಗುವತ್ತ ಸಾಗಿರುತ್ತದೆ. ಕೆಂಪು ಮತ್ತು ಹಸಿರನ್ನು 16 ಪ್ರತಿಶತದಲ್ಲಿ ಮಾಡಿ, ಬಿಳಿಯಲ್ಲಿ ಒಂದು ಹನಿಯೂ ಹಾಕದಿದ್ದರೂ, ಮೂರೂ ಸೇರಿ ಸುಮಾರು ಹನ್ನೊಂದು ಪ್ರತಿಶತದ ಕಡೆ ಬರುತ್ತವೆ. ವೈನಿನಷ್ಟು.

ಬಣ್ಣ ಮಾತ್ರ ಹಿಂದೆ ಉಳಿಯುತ್ತದೆ. ಬಣ್ಣದ ಅಣುಗಳು ಎಥನಾಲ್‌ಗಿಂತ ಬಹಳ ದೊಡ್ಡವು, ಆದ್ದರಿಂದ ನಿಧಾನ. ರಾತ್ರಿ ಕಳೆದರೂ ಗಡಿಯಲ್ಲಿ ಕೆಲವೇ ಮಿಲಿಮೀಟರ್ ಮಸುಕಾಗಿರುತ್ತದೆ. ಕ್ರ್ಯಾನ್‌ಬೆರಿ ರಸ ಬಳಸಿದ್ದರೆ ಆ ಮಸುಕನ್ನು ಬೆಳಕಿಗೆ ಹಿಡಿದು ನೋಡಿ: ಕೆಂಪು ಬಿಳಿಯೊಳಗೆ ಇಳಿಯುವಲ್ಲಿ ನಸುನೇರಳೆ ಬಣ್ಣದ ಒಂದು ತೆಳು ಗೆರೆ ಕಾಣಬಹುದು. ಆ ಹಣ್ಣಿನ ಆಂಥೋಸಯನಿನ್ ಹುಳಿಯಲ್ಲಿ ಕೆಂಪಾಗಿರುತ್ತದೆ, ಹಾಲಿನಲ್ಲಿ ಹುಳಿ ಕಡಿಮೆಯಾದ್ದರಿಂದ ನೇರಳೆಗೆ ತಿರುಗುತ್ತದೆ. ಗಡಿ ದಾಟಿ ಹೋದ ಅಣುಗಳನ್ನು ಹೀಗೆ ಬರಿಗಣ್ಣಿನಿಂದ ಗುರುತಿಸಲು ಸಿಗುವ ಅವಕಾಶ ಬಹಳ ಅಪರೂಪದ್ದು. ಆದರೆ ಎಥನಾಲ್‌ಗೆ ಬಣ್ಣವಿಲ್ಲ. ಅದು ಯಾವಾಗಲೋ ದಾಟಿಯಾಗಿದೆ, ಕಣ್ಣಿಗೆ ಮಾತ್ರ ಬಿಳಿ ಪದರ ಇನ್ನೂ ಬರೀ ಹಾಲಿನಂತೆಯೇ ಕಾಣುತ್ತಿದೆ. ನಡುವಿನ ಪದರವನ್ನು ಬಿಡಿಸಿ ಇದರಲ್ಲಿ ಮದ್ಯವಿಲ್ಲ ಎಂದು ಮಕ್ಕಳಿಗೆ, ಗರ್ಭಿಣಿಯರಿಗೆ, ಕುಡಿತ ಬಿಟ್ಟವರಿಗೆ, ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಕೊಡುವುದು ಘೋರ ತಪ್ಪು.

ಜೆಲಟಿನ್ ಪದರಗಳ ಈ ಗುಣವನ್ನು ಛಾಯಾಗ್ರಹಣ ಎಂಬ ಒಂದು ಇಡೀ ಉದ್ಯಮವೇ ನೆಚ್ಚಿಕೊಂಡಿತ್ತು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮ್ಯಾಡಕ್ಸ್ ಬೆಳ್ಳಿಯ ಲವಣವನ್ನು ಜೆಲಟಿನ್ನಿನಲ್ಲಿ ಬೆರೆಸಿ ಗಾಜಿನ ಮೇಲೆ ಹರಡಿದ. 1935ರಲ್ಲಿ ಬಂದ ಕೊಡಾಕ್ರೋಮ್ ಫಿಲ್ಮ್‌ನಲ್ಲಿ ಕೆಂಪು, ಹಸಿರು, ನೀಲಿ ಬೆಳಕಿಗೆ ಒಂದೊಂದರಂತೆ ಜೆಲಟಿನ್ ಪದರಗಳು ಒಂದರ ಮೇಲೊಂದು ಇದ್ದವು. ಬೆಳ್ಳಿಯ ಹರಳು ಪದರ ಬಿಟ್ಟು ಕದಲಬಾರದು, ತೊಳೆಯುವ ರಾಸಾಯನಿಕಗಳು ಮಾತ್ರ ಸಲೀಸಾಗಿ ಒಳಹೊಕ್ಕು ಹೊರಬರಬೇಕು. ದೊಡ್ಡದನ್ನು ಹಿಡಿದಿಟ್ಟು ಚಿಕ್ಕದನ್ನು ಬಿಡುವ ಜೆಲಟಿನ್ ಇದಕ್ಕೆ ಹೇಳಿ ಮಾಡಿಸಿದ್ದು. ಡಾ. ರಾಜ್‌ಕುಮಾರ್ ಅವರ ಬಣ್ಣದ ಚಿತ್ರಗಳನ್ನು ಚಿತ್ರಮಂದಿರದಲ್ಲಿ ನೋಡಿದವರೆಲ್ಲ ಬೆಳಕು ಹಾದುಬಂದ ಜೆಲಟಿನ್ ಪದರಗಳನ್ನೇ ನೋಡಿದ್ದು.

ಜೆಲ್ಲಿಯನ್ನು ಅಡುಗೆಮನೆಗೆ ಸುಲಭವಾಗಿಸಿದವರು ಅಮೆರಿಕನ್ನರು. ಪೀಟರ್ ಕೂಪರ್ 1845ರಲ್ಲಿ ಜೆಲಟಿನ್ ಪುಡಿಗೆ ಪೇಟೆಂಟ್ ಪಡೆದ. ನ್ಯೂಯಾರ್ಕ್ ರಾಜ್ಯದ ಲೀ ರಾಯ್ ಊರಿನ ಪರ್ಲ್ ವೇಟ್ 1897ರಲ್ಲಿ ಅದಕ್ಕೆ ಸಕ್ಕರೆ, ಹಣ್ಣಿನ ಪರಿಮಳ ಬೆರೆಸಿ ಜೆಲ್-ಓ ಮಾಡಿದ, ಎರಡು ವರ್ಷದ ಮೇಲೆ 450 ಡಾಲರಿಗೆ ಹಕ್ಕು ಮಾರಿದ. ಅದರಲ್ಲಿ ವೋಡ್ಕಾ ಸೇರಿದ ಕತೆ ಗಣಿತಜ್ಞ ಮತ್ತು ಹಾಡುಗಾರ ಟಾಮ್ ಲೆಹ್ರರ್ ಅವರದು. 1950ರ ದಶಕದಲ್ಲಿ ಅವರು ಸೇನೆಯಲ್ಲಿದ್ದಾಗ ವಾಷಿಂಗ್ಟನ್ನಿನ ನೌಕಾನೆಲೆಯಲ್ಲಿ ಕ್ರಿಸ್‌ಮಸ್ ಪಾರ್ಟಿ ಏರ್ಪಾಡಾಯಿತು. ಮದ್ಯದ ಪಾನೀಯಗಳಿಗೆ ಅಲ್ಲಿ ನಿಷೇಧ. ಜೆಲ್ಲಿ ಪಾನೀಯವಲ್ಲವಲ್ಲ ಎಂದು ಅವರೂ ಒಬ್ಬ ಗೆಳೆಯನೂ ಒಂದು ಸಂಜೆಯಿಡೀ ಪ್ರಯೋಗ ಮಾಡಿ ಜೆಲ್-ಓ ಒಳಗೆ ವೋಡ್ಕಾ ಕೂರಿಸಿದರು. ಇದನ್ನು ಅವರೇ ಸಂದರ್ಶನವೊಂದರಲ್ಲಿ ಹೇಳಿಕೊಂಡಿದ್ದರು. ಕಲ್ಪನೆ ಇನ್ನೂ ಹಳೆಯದು. ನ್ಯೂಯಾರ್ಕಿನ ಪ್ರಸಿದ್ಧ ಬಾರ್ ಪರಿಚಾರಕ ಜೆರ್ರಿ ಥಾಮಸ್ 1862ರಲ್ಲಿ ಪ್ರಕಟಿಸಿದ ಪಾನೀಯಗಳ ಪುಸ್ತಕದಲ್ಲಿ ಬಿಸಿ ಪಂಚ್‌ಗೆ ಮೀನಿನ ಗಾಳಿಚೀಲದಿಂದ ತೆಗೆದ ಜೆಲಟಿನ್ ಬೆರೆಸಿ ಜೆಲ್ಲಿ ಮಾಡುವ ವಿಧಾನ ಇದೆ. ಜೊತೆಗೆ ಎಚ್ಚರಿಕೆಯೂ ಇದೆ: ಮದ್ಯದ ಬಲ ಜೆಲ್ಲಿಯಲ್ಲಿ ಅಡಗಿಬಿಡುವುದರಿಂದ ಜನ ಅಳತೆ ಮೀರಿ ತಿಂದು, ಆಮೇಲೆ ನರ್ತಿಸಲಾಗದ ಸ್ಥಿತಿಗೆ ಬರುತ್ತಾರೆ ಎಂದು.

ಬಲ ಅಡಗುವುದು ಹೇಗೆ ಎಂಬುದಕ್ಕೆ ಈಗ ವಿವರಣೆ ಸಿಕ್ಕಿದೆ. ಮೆಣಸಿನಕಾಯಿಯ ಖಾರವನ್ನು ಗ್ರಹಿಸುವ ನಮ್ಮ ಬಾಯಿಯ ಗ್ರಾಹಕವೇ ಬಿಸಿಯನ್ನೂ ಗ್ರಹಿಸುತ್ತದೆ. ಸಾಮಾನ್ಯವಾಗಿ ಅದು ಕೆರಳುವುದು 42 ಡಿಗ್ರಿಯ ಸುಮಾರಿಗೆ. ಎಥನಾಲ್ ಸೋಕಿದಾಗ ಆ ಮಿತಿ 34ಕ್ಕೆ ಇಳಿಯುತ್ತದೆ, ಹಾಗಾಗಿ ಬಾಯಿಯ ಸ್ವಂತ ಬಿಸಿಯೇ ಉರಿಯೆನಿಸುತ್ತದೆ. ಫ್ರಿಜ್ಜಿನಿಂದ ಬಂದ ಜೆಲ್ಲಿ ಬಾಯನ್ನು ತಂಪಾಗಿಸಿ ಗ್ರಾಹಕವನ್ನು ಆ ಮಿತಿಗಿಂತ ಕೆಳಗೆ ಇರಿಸುತ್ತದೆ, ಸಿಹಿ ಉಳಿದ ಕಟುತನವನ್ನು ಮುಚ್ಚುತ್ತದೆ, ಬಲೆಯಲ್ಲಿ ಸಿಕ್ಕ ಮದ್ಯದ ಬಹುಪಾಲು ನಾಲಿಗೆಗೆ ತಾಗದೆಯೇ ಗಂಟಲಿಳಿಯುತ್ತದೆ. 37 ಡಿಗ್ರಿಯ ಹೊಟ್ಟೆಯಲ್ಲಿ ಜೆಲ್ಲಿ ಕರಗಿ ಮದ್ಯ ಪೂರ್ತಿಯಾಗಿ ಹೊರಬರುತ್ತದೆ. ರಕ್ತದಲ್ಲಿ ಅದು ಏರುವುದು ಅರ್ಧ-ಒಂದು ಗಂಟೆಯ ಮೇಲೆ. ಅಷ್ಟರಲ್ಲಿ ಇನ್ನೂ ನಾಲ್ಕು ಕಪ್ ಖಾಲಿಯಾಗಿರುತ್ತವೆ.

ಆದ್ದರಿಂದ ಲೆಕ್ಕವನ್ನು ಮಾಡುವಾಗಲೇ ಇಟ್ಟುಕೊಳ್ಳಬೇಕು. ಮೇಲಿನ ಅಳತೆಯಲ್ಲಿ ಒಂದೊಂದು ಕಪ್‌ನಲ್ಲೂ 4.8 ಮಿ.ಲೀ., ಅಂದರೆ ಸುಮಾರು 3.8 ಗ್ರಾಂ ಎಥನಾಲ್ ಇದೆ. ಅಮೆರಿಕದಲ್ಲಿ ಒಂದು ಪೆಗ್ ಎಂದು ಎಣಿಸುವುದು 14 ಗ್ರಾಂ, ಹಲವು ದೇಶಗಳಲ್ಲಿ 10 ಗ್ರಾಂ. ಮೂರು ಕಪ್ ತಿಂದವರು ಒಂದು ಪೆಗ್ಗಿನ ಆಸುಪಾಸಿನಲ್ಲಿದ್ದಾರೆ. ಮೂರೂ ಪದರಗಳಿಗೆ ಅರ್ಧಕ್ಕರ್ಧ ವೋಡ್ಕಾ ಹಾಕಿದರೆ ಒಂದೇ ಕಪ್‌ನಲ್ಲಿ 7 ಗ್ರಾಂ. ಯಕೃತ್ತು ಗಂಟೆಗೆ ಕಳೆಯಬಲ್ಲದ್ದು ಏಳರಿಂದ ಹತ್ತು ಗ್ರಾಂ ಮಾತ್ರ, ಕಾಫಿ ಕುಡಿದರೂ ತಣ್ಣೀರು ಸ್ನಾನ ಮಾಡಿದರೂ ಆ ವೇಗ ಬದಲಾಗುವುದಿಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ವಾಹನ ಓಡಿಸುವವರ 100 ಮಿ.ಲೀ. ರಕ್ತದಲ್ಲಿ 80 ಮಿ.ಗ್ರಾಂ ಮುಟ್ಟಿದರೆ ಅಪರಾಧ. ನಮ್ಮಲ್ಲಿ ಮಿತಿ 30 ಮಿ.ಗ್ರಾಂ. ಇಂಥ ಪಾರ್ಟಿಗೆ ಹೋಗುವವರು ಕಾರಿನ ಕೀಲಿಯನ್ನು ಮನೆಯಲ್ಲೇ ಬಿಟ್ಟು ಹೋಗುವುದು ಸರಿಯಾದ ಕ್ರಮ.

ಮದ್ಯವಿಲ್ಲದ ಕಪ್‌ಗಳನ್ನು ಬೇರೆಯೇ ವಸ್ತುವಿನಿಂದ ಮಾಡುವುದು ಮೇಲು ಎನ್ನುತ್ತೇನೆ: ಅಗರ್, ಅಂದರೆ ನಮ್ಮ ಅಂಗಡಿಗಳ ಚೈನಾ ಗ್ರಾಸ್. ಇದು ಕಡಲಕಳೆಯಿಂದ ಬಂದದ್ದು, ಜೆಲಟಿನ್ ತಿನ್ನದ ಸಸ್ಯಾಹಾರಿಗಳಿಗೂ ಸಲ್ಲುತ್ತದೆ. ಇದಕ್ಕೂ ಜೆಲಟಿನ್ನಿಗೂ ಇರುವ ವ್ಯತ್ಯಾಸದಿಂದ ಸೂಕ್ಷ್ಮಜೀವಿ ವಿಜ್ಞಾನದ ದಿಕ್ಕೇ ಬದಲಾಯಿತು. 1880ರ ದಶಕದ ಆರಂಭದಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಬ್ಯಾಕ್ಟೀರಿಯಾಗಳನ್ನು ಜೆಲಟಿನ್ ಮೇಲೆ ಬೆಳೆಸುತ್ತಿದ್ದ. ರೋಗಾಣುಗಳಿಗೆ ಬೇಕಾದ 37 ಡಿಗ್ರಿಗೆ ಅದು ಕರಗಿ ನೀರಾಗುತ್ತಿತ್ತು. ಅವನ ಸಹಾಯಕ ವಾಲ್ಟರ್ ಹೆಸ್ಸೆಯ ಹೆಂಡತಿ ಫ್ಯಾನಿ ತಮ್ಮ ಅಡುಗೆಮನೆಯ ಜೆಲ್ಲಿಗಳಿಗೆ ಅಗರ್ ಬಳಸುತ್ತಿದ್ದರು. ಜಾವಾದಲ್ಲಿ ಇದ್ದು ಬಂದ ಡಚ್ ನೆರೆಯವರಿಂದ ಕಲಿತ ವಿದ್ಯೆ ಅದು. ಅವರ ಸಲಹೆಯಂತೆ ಅಗರ್ ಬಳಸಿದಾಗ ಸಮಸ್ಯೆ ಬಗೆಹರಿಯಿತು. ಅಗರ್ ಗಟ್ಟಿಯಾಗುವುದು 35-40 ಡಿಗ್ರಿಯಲ್ಲಿ, ಕರಗುವುದು 85 ಡಿಗ್ರಿಯಲ್ಲಿ. ಇವತ್ತಿಗೂ ಪ್ರಯೋಗಾಲಯಗಳು ಅದನ್ನೇ ಬಳಸುತ್ತವೆ. ಫ್ಯಾನಿಯ ಹೆಸರು ಮಾತ್ರ ಬಹುಕಾಲ ಪಠ್ಯಪುಸ್ತಕಗಳಲ್ಲಿ ಇರಲಿಲ್ಲ.

ಅಗರ್ ಜೆಲ್ಲಿಯ ಪದರ ಕಟ್ಟುವಾಗ ಮೇಲಿನ ದ್ರವವನ್ನು 45-50 ಡಿಗ್ರಿಯಲ್ಲೇ ಹುಯ್ಯಬೇಕು. ಕೆಳಗಿನದು ಕರಗುವ ಭಯವಿಲ್ಲ, ಆದರೆ ಮೇಲಿನದು ಬೇಗ ಕಟ್ಟಿಬಿಡುವುದರಿಂದ ಬೆಸುಗೆ ಅಷ್ಟು ಬಿಗಿಯಾಗಿರುವುದಿಲ್ಲ. ಕೆಳಗಿನ ಪದರ ಇನ್ನೂ ಎಳೆಯದಾಗಿರುವಾಗಲೇ ಮೇಲಿನದು ಬೀಳಬೇಕು. ತಿಂದಾಗ ಅದು ಬಾಯಲ್ಲಿ ಕರಗದೆ ಮುರಿಯುತ್ತದೆ. ಈ ಕಪ್‌ಗಳಿಗೆ ಬೇರೆ ಆಕಾರ, ಬೇರೆ ಬಣ್ಣಗಳ ಜೋಡಣೆ ಇರಲಿ, ಫ್ರಿಜ್ಜಿನಲ್ಲಿ ಬೇರೆ ತಟ್ಟೆಯಲ್ಲಿ ಮುಚ್ಚಳ ಹಾಕಿ ಇಡಿ. ಮದ್ಯದ ಕಪ್‌ಗಳ ಮುಚ್ಚಳದ ಮೇಲೆ ಒಂದೊಂದರಲ್ಲಿ ಎಷ್ಟು ಗ್ರಾಂ ಎಥನಾಲ್ ಇದೆ ಎಂದು ಬರೆದಿಟ್ಟರೆ ತಿನ್ನುವವರು ತಾವೇ ಎಣಿಸಿಕೊಳ್ಳಬಹುದು.